ರಾಮನವಮಿಯ ದಪ್ಪಲೆಗಳು

ದೇವರ ಕೆಲಸಕ್ಕೆ ಅಂತ ಸೊಂಟ ಕಟ್ಟಿ ನಿಂತಾಗಲೆಲ್ಲ ನನಗೊಂದು ಫಜೀತಿ ತಪ್ಪದೆ ಒದಗುತ್ತದೆ. ರಾಮನಿಗೂ ಒಂದಿಷ್ಟು ನಗು ಬೇಕಲ್ಲ!

ಯುದ್ಧದ ಕಾಲ. ಮುಳಬಾಗಿಲಿನ ನಮ್ಮ ಬೀದಿಯ ಭಜನೆಮನೆಯಲ್ಲಿ ಪೂಜೆ ನನ್ನದು. ರಾಮನವಮಿ ಪಾನಕಕ್ಕೆ ಮನೆಮನೆಯಿಂದ ಹಿತ್ತಾಳೆ ದಪ್ಪಲೆ ಎರವಲು ತರುವುದು ಪದ್ಧತಿ. ಹೊಸ ಹಿತ್ತಾಳೆ ಪೇಟೆಯಲ್ಲಿ ಸಿಗುತ್ತಿರಲಿಲ್ಲ. ಒಂದು ಪಾತ್ರೆ ಅದಲುಬದಲಾದರೂ ಬರುವ ವರ್ಷ ಯಾರೂ ಕೊಡುವುದಿಲ್ಲ, ಸ್ವಾಮಿಯ ಪಾನಕ ನಿಂತೇಹೋಗುತ್ತದೆ ಅನ್ನುವ ಭಯ ನನಗೆ. ಕಲೆಹಾಕು, ತಾಳೆ ನೋಡು, ವಿಂಗಡಿಸು, ಓರಣವಾಗಿಡು ಅನ್ನುವ ಮಾತುಗಳೆಲ್ಲ ಬಾಯಲ್ಲಿ ಸಲೀಸು. ಕೈಗಿಳಿದಾಗ ನೋಡಿ!

ಕಲೆಹಾಕುವುದು

"ಅನ್ನೀ ಪೋಗು ಚೇಯಂಡಿ ಸಾಮೀ" ಎಂದ ಪಾನಕ ಮಾಡಲು ಬಂದಿದ್ದ ರಾಯಲ್ಪಾಡಿನ ತೆಲುಗು ಅಡಿಗೆಯವನು. ಎಲ್ಲ ಒಟ್ಟುಮಾಡಿ ಅಂತ. ಭಜನೆಯ ಹುಡುಗರು ಸಿಕ್ಕಸಿಕ್ಕ ಮನೆಯಿಂದ ಹೊತ್ತು ತಂದು ಗುಡ್ಡೆ ಹಾಕಿದರು. ದೇವರಿಗೆ ಅಂದಕೂಡಲೇ ಜನ ಎಷ್ಟು ಧಾರಾಳ! ಸೋರುವುದನ್ನೇ ಹುಡುಕಿ ಕೊಟ್ಟಿದ್ದರು. ಎರಡು ದಪ್ಪಲೆಗಳ ತೂತಿಗೆ ಅಡಿಗೆಯವನು ರಾಗಿಹಿಟ್ಟು ಮೆತ್ತಿ, "ಸಣ್ಣ ತೂತು ಸಾಮೀ, ದೇವರಿಗೆ ಗೊತ್ತಾಗಲ್ಲ" ಎಂದ.

ಪಾನಕ ತುಂಬಿದ ಮೇಲೆ ಅದರಲ್ಲೊಂದನ್ನು ನಾನೇ ಹೆಗಲ ಮೇಲೆ ಹೊತ್ತೆ. ದೇವರಿಗೆ ಗೊತ್ತಾಯಿತೋ ಇಲ್ಲವೋ, ನನ್ನ ಪಂಚೆಗೆ ಗೊತ್ತಾಯಿತು. ಆಮೇಲೆ ಬೀದಿಯ ಇರುವೆಗಳಿಗೆಲ್ಲ ಗೊತ್ತಾಯಿತು.

ತಾಳೆ ನೋಡುವುದು

ಮರುದಿನ ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿದ ಮೇಲೆ ಎಲ್ಲ ದಪ್ಪಲೆಗಳೂ ಮದುವೆಗೆ ಹೊರಟಂತೆ ಥಳಥಳ. ಹೆಸರು ಕೆತ್ತಿಸಿದವು ಅವರವರ ಮನೆ ಸೇರಿದವು. ಹೆಸರಿಲ್ಲದ ಮೂರು ಉಳಿದವು: ಸೋರುವ ಎರಡು, ಗಟ್ಟಿಯದೊಂದು. ವಕೀಲರ ಹೆಂಡತಿಯೂ ಮಂಡಿ ಸಾಹುಕಾರರ ಹೆಂಡತಿಯೂ ಒಟ್ಟಿಗೇ ಬಂದು ಗಟ್ಟಿಯದರ ಕಂಠ ಹಿಡಿದರು.

"ನಮ್ಮದು ಕಣ್ರೀ! ಬಡಿದು ನೋಡಿ, ಗಂಟೆ ನಾದ!" ಎಂದರು ವಕೀಲರ ಹೆಂಡತಿ.

"ನಾದ ಹಾಗಿರಲಿ, ಈ ನೆಗ್ಗು ನೋಡಿ ಅಯ್ನೋರೆ. ನಮ್ಮತ್ತೆ ನನ್ನ ಮೇಲೆ ಎಸೆದಾಗ ಆದದ್ದು!" ಎಂದರು ಸಾಹುಕಾರರ ಹೆಂಡತಿ.

ಹಿಂದೆಯೇ ಕೋಲೂರಿಕೊಂಡು ಬಂದಿದ್ದ ಅತ್ತೆ ಗದರಿಸಿದರು: "ಲೇ, ಸುಳ್ಳು ಹೇಳಬೇಡ್ವೇ! ನಾನು ಎಸೆದಿದ್ದು ಚೊಂಬು!"

ವಿಂಗಡಿಸುವುದು

ಜಗಳ ಬೀದಿಗೆ ಬಿತ್ತು. "ಬರೋ ವರ್ಷ ನಮ್ಮನೆಯಿಂದ ಒಂದು ಲೋಟಾನೂ ಕೇಳಬೇಡಿ" ಅಂತ ಇಬ್ಬರೂ ನನಗೇ ಅಂದರು. ಒಳಗೆ ಹೋಗಿ ರಾಮನ ಮುಖ ನೋಡಿದೆ. ಅವನು ಎಂದಿನಂತೆ ಮುಗುಳ್ನಗುತ್ತಿದ್ದ. ಕೈಯಲ್ಲಿ ತುಳಸಿ ಹಿಡಿದು ಹೊರಗೆ ಬಂದೆ.

"ಅಮ್ಮಣ್ಣಿಯವರೇ, ನಿನ್ನೆ ನೈವೇದ್ಯದ ಮೊದಲ ಪಾನಕ ಈ ಗಟ್ಟಿ ದಪ್ಪಲೆಯದೇ. ಇದು ಯಾರದೋ ಅವರ ಮನೆಯಿಂದಲೇ ಬರುವ ವರ್ಷದ ಬೆಲ್ಲವೆಲ್ಲ ಬರಲಿ ಅಂತ ಸಂಕಲ್ಪ ಮಾಡ್ತೀನಿ" ಎಂದು ನೀರು ಬಿಟ್ಟೇಬಿಟ್ಟೆ.

ಆಗ ಬೆಲ್ಲದ ಬೆಲೆ ಬೆಟ್ಟ ಹತ್ತಿ ಕೂತಿತ್ತು. ಇಬ್ಬರ ಕೈಯೂ ಕಂಠದಿಂದ ಜಾರಿತು.

"ನಿಮ್ಮದೇ ಇರಬೇಕು ಕಣ್ರೀ, ನಾದ ಇದೆಯಲ್ಲ" ಎಂದರು ಸಾಹುಕಾರರ ಹೆಂಡತಿ.

"ಛೆ ಛೆ, ನೆಗ್ಗು ನಿಮ್ಮದೇ!"

ಮರುಗಳಿಗೆಗೆ ಇಬ್ಬರೂ ಒಂದೊಂದು ಸೋರುವ ದಪ್ಪಲೆಯನ್ನು ಎತ್ತಿ, ಕಳೆದುಹೋದ ಮಗು ಸಿಕ್ಕಿದಂತೆ ಸೊಂಟಕ್ಕೇರಿಸಿಕೊಂಡು ಹೊರಟರು.

ಓರಣವಾಗಿಡುವುದು

ಗಟ್ಟಿಯದು ಯಾರಿಗೂ ಬೇಡವಾಗಿ ಉಳಿಯಿತು. ಸ್ವಾಮಿಯೇ ತನಗೆ ಬೇಕಾದ ಪಾತ್ರೆಯನ್ನು ಈ ನೆಪದಲ್ಲಿ ತರಿಸಿಕೊಂಡ ಅಂತ ನನ್ನ ಕಣ್ಣು ತುಂಬಿಬಂತು. ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ರಾಮನ ಪಾದದ ಬಳಿ ಓರಣವಾಗಿ ಇಟ್ಟು, ಮನೆಗೆ ಹೋಗಿ ನಡೆದದ್ದನ್ನೆಲ್ಲ ನನ್ನಾಕೆಗೆ ಬಣ್ಣಿಸಿದೆ.

ಅವಳು ಕೇಳಿ ಕೈಮುಗಿದಳು. ಆಮೇಲೆ ಮೆಲ್ಲಗೆ, "ಅದೆಲ್ಲ ಸರಿ, ನಮ್ಮ ದಪ್ಪಲೆ ಎಲ್ಲಿ? ನೀವು ಮಡಿಯಲ್ಲಿದ್ದಾಗ ಭಜನೆ ಹುಡುಗರು ಕೇಳಿದರು, ಕೊಟ್ಟೆ. ಸಣ್ಣ ನೆಗ್ಗಿದೆ, ಬಡಿದರೆ ಗಂಟೆ ಹಾಗೆ ನಾದ" ಎಂದಳು.

ನಾನು ಕೇಳಿದೆ: "ಅಲ್ವೇ, ಮದುವೆಯಾದಾಗಿನಿಂದ ಅದು ಮಸಿ ಹಿಡಿದಿದ್ದನ್ನೇ ನಾನು ನೋಡಿದ್ದು. ಉಜ್ಜಿಟ್ಟರೆ ನನಗೆ ಗುರುತು ಸಿಗೋದು ಹೇಗೆ?"

ಅವಳು ಒಲೆ ಊದುತ್ತಲೇ ಹೇಳಿದಳು: "ಹಾಗಾದರೆ ಬರೋ ವರ್ಷ ಬೆಲ್ಲ ತರುವಾಗ, ಮನೆಗೊಂದಿಷ್ಟು ಹುಣಸೆಹಣ್ಣೂ ತಂದುಬಿಡಿ."