ಫೆದೋರಾಳ ಆಪೆ ಮತ್ತು ವಾಹನಮುಕ್ತ ಜಲ್ಲಿಹಾದಿ

ಕಾಸ್ತೆಲ್‌ಬ್ರೂಲ್ಲೊ ಗ್ರಾಮದಿಂದ ಸಹಕಾರ ಸಂಘದ ವೈನ್‌ಮನೆಗೆ ಹೋಗುವ ಬಿಳಿ ಜಲ್ಲಿರಸ್ತೆಯಲ್ಲಿ ವಾಹನ ಸಂಚಾರ ಇರಲಿಲ್ಲ. ಇರಲಿಲ್ಲ ಎಂದರೆ ಪೂರ್ತಿ ಇರಲಿಲ್ಲ ಎಂದಲ್ಲ, ಫೆದೋರಾಳ ಆಪೆ ಗಾಡಿ ಒಂದು ಇತ್ತು. ಆಪೆ ಎಂದರೆ ಮೂರು ಗಾಲಿಯ, ಮುಂದೆ ಒಬ್ಬರು ಕೂರುವ, ಹಿಂದೆ ಸಾಮಾನು ಹೇರುವ ಗಾಡಿ. ಒಬ್ಬರು ಎಂದದ್ದು ಸರಿಯೇ, ಆದರೆ ಫೆದೋರಾ ಮೈಕೈ ತುಂಬಿಕೊಂಡ ಹೆಂಗಸಾದ್ದರಿಂದ ಆ ಒಬ್ಬರಿಗೂ ಅದು ಇಕ್ಕಟ್ಟು.

ಅವಳ ದ್ರಾಕ್ಷಿತೋಟ ಆ ರಸ್ತೆ ಶುರುವಾಗುವಲ್ಲೇ ಇತ್ತು. ಗುಡ್ಡದ ಮೇಲಿನ ಆ ಊರಿಗೆಲ್ಲ ಸಮತಟ್ಟಾದ ನೆಲ ಅದೊಂದೇ. (ಈ ಸಂಗತಿ ಈಗ ಮುಖ್ಯವಲ್ಲ, ಮುಂದೆ ಆಗುತ್ತದೆ.) ಬಳ್ಳಿಗಳು ಅವಳ ಅಪ್ಪ ನೆಟ್ಟವು. ಸೆಪ್ಟೆಂಬರ್ ಕೊನೆಗೆ ಹಣ್ಣು ಕೊಯ್ದು, ಒಡೆಯದಂತೆ ವೈನ್‌ಮನೆಗೆ ಮುಟ್ಟಿಸುವುದು ಅವಳ ವರ್ಷದ ಕೆಲಸ. ಅದೊಂದು ಆಗಿಬಿಟ್ಟರೆ ಉಳಿದ ತಿಂಗಳುಗಳಲ್ಲಿ ಅವಳು ಯಾರ ಹತ್ತಿರವೂ ಏನೂ ಕೇಳುವವಳಲ್ಲ.

ಹೀಗಿರಲು ಒಂದು ವಸಂತದಲ್ಲಿ ಪ್ರಾಂತ್ಯ ಸರ್ಕಾರದಿಂದ ಪ್ರಕಟಣೆ ಬಂತು: "ದ್ರಾಕ್ಷಿ ಸೀಮೆಯ ಜಲ್ಲಿಹಾದಿಗಳನ್ನು ವಾಹನ ಸಂಚಾರದಿಂದ ಮುಕ್ತಗೊಳಿಸಿ ಸೈಕಲ್ ಸವಾರರಿಗೆ ಅರ್ಪಿಸುವ ಗ್ರಾಮಗಳಿಗೆ ಅನುದಾನ ನೀಡಲಾಗುವುದು. ಮುಕ್ತಗೊಳಿಸುವ ಮುನ್ನ ಸದರಿ ಹಾದಿಯಲ್ಲಿ ಸಂಚಾರವಿತ್ತೆಂಬುದನ್ನು ಎಣಿಕೆಯ ಮೂಲಕ ರುಜುವಾತುಪಡಿಸತಕ್ಕದ್ದು."

ಊರಿನ ಮೇಯರ್ ರನ್ಯೇರಿ ಇದನ್ನು ಕಾಫಿ ಅಂಗಡಿಯಲ್ಲಿ ಗಟ್ಟಿಯಾಗಿ ಓದಿದ. ಕೇಳಿಸಿಕೊಂಡವರಲ್ಲಿ ಒತ್ತೊರೀನೊ ಒಬ್ಬ. ಇವನು ಊರಿನ ಏಕೈಕ ಸಂಚಾರಿ ಪೊಲೀಸ್. ನಿಯಂತ್ರಿಸಲು ಸಂಚಾರ ಇಲ್ಲದ್ದರಿಂದ ಬಹುಕಾಲದಿಂದ ಅಂಗಡಿಯಲ್ಲೇ ಕೂತಿರುತ್ತಿದ್ದ.

"ನಮ್ಮ ರಸ್ತೇಲಿ ಗಾಡಿಗಳೇ ಇಲ್ವಲ್ಲ, ಆಗ್ಲೇ ಮುಕ್ತ ಅಲ್ವಾ?" ಎಂದ ಒತ್ತೊರೀನೊ.

"ಅಯ್ಯೋ ಪೆದ್ದ!" ಎಂದ ರನ್ಯೇರಿ. "ಜ್ವರ ಇಲ್ದೋನಿಗೆ ಯಾರಾದ್ರೂ ಮಾತ್ರೆ ಕೊಡ್ತಾರಾ? ಮೊದ್ಲು ಜ್ವರ ಬರಿಸ್ಬೇಕು."

ಜ್ವರ ಬರಿಸಲು ಒಂದು ವಾರ ಗೊತ್ತಾಯಿತು. ಊರವರೆಲ್ಲ ತಂತಮ್ಮ ಕಾರು ತೆಗೆದು ಆ ರಸ್ತೆಯಲ್ಲಿ ಹೋಗುವುದು, ಬರುವುದು, ಮತ್ತೆ ಹೋಗುವುದು. ಪಾದ್ರಿ ದೋನ್ ಇಲಾರಿಯೊ ಪಕ್ಕದ ಮನೆಯವರ ಪಾಪನಿವೇದನೆ ಕೇಳಲು ಕಾರಿನಲ್ಲಿ ವೈನ್‌ಮನೆಯನ್ನು ಸುತ್ತಿಕೊಂಡು ಹೋದರು. ಬುಧವಾರ ತಿರುವಿನಲ್ಲಿ ಪಾದ್ರಿಯ ಕಾರೂ ಬ್ರೆಡ್ಡಿನ ವ್ಯಾನೂ ಎದುರುಬದುರಾಗಿ, ಊರಿನ ಚರಿತ್ರೆಯಲ್ಲೇ ಮೊದಲ ಬಾರಿಗೆ ಟ್ರಾಫಿಕ್ ಜಾಮ್ ಆಯಿತು. ಒತ್ತೊರೀನೊ ಓಡಿಬಂದು ಸೀಟಿ ಊದಿದ. ಆಗ ಅವನ ಕಣ್ಣಲ್ಲಿ ನೀರಿತ್ತು. ಧೂಳಿನಿಂದ ಎಂದು ಕೆಲವರು ಹೇಳಿದರು, ಆದರೆ ಅದು ಧೂಳಿನಿಂದಲ್ಲ.

"ಫೆದೋರಾ, ಊರಿನ ಕೆಲ್ಸ, ನೀನೂ ನಾಲ್ಕು ಸಲ ಜಾಸ್ತಿ ಓಡ್ಸಮ್ಮ" ಎಂದ ರನ್ಯೇರಿ. ಫೆದೋರಾ ಒಳ್ಳೆಯವಳು. ನಾಲ್ಕು ಕೇಳಿದರೆ ಹತ್ತು ಸಲ ಓಡಿಸಿದಳು.

ರುಜುವಾತು ಹೋಯಿತು, ಅನುದಾನ ಬಂತು. ಮೇ ತಿಂಗಳಲ್ಲಿ ಬ್ಯಾಂಡು ಬಾರಿಸಿ ಫಲಕ ನೆಟ್ಟರು: "ಮನುಷ್ಯನ ಸ್ನಾಯುಬಲದಿಂದ ಚಲಿಸದ ಯಾವುದೇ ವಾಹನಕ್ಕೆ ಈ ಹಾದಿಯಲ್ಲಿ ಪ್ರವೇಶವಿಲ್ಲ." ಫೆದೋರಾ ಎಲ್ಲರ ಜೊತೆ ಚಪ್ಪಾಳೆ ತಟ್ಟಿದಳು. ಫಲಕ ತನ್ನನ್ನು ಕುರಿತದ್ದು ಎಂದು ಅವಳಿಗೆ ತಿಳಿದದ್ದು ಸೆಪ್ಟೆಂಬರಿನಲ್ಲಿ, ಹಣ್ಣು ಕಪ್ಪಾದ ಮೇಲೆ.

ಬರುವ ಶನಿವಾರ ಮಳೆ ಎಂದು ರೇಡಿಯೋ ಹೇಳುತ್ತಿತ್ತು. ಮಾಗಿದ ದ್ರಾಕ್ಷಿಯ ಮೇಲೆ ಮಳೆ ಬಿದ್ದರೆ ಕೊಳೆಯುತ್ತದೆ, ಕೊಳೆತದ್ದನ್ನು ಸಂಘ ಮುಟ್ಟುವುದಿಲ್ಲ. ಗುಡ್ಡ ಬಳಸಿ ಹೋಗುವ ಟಾರು ರಸ್ತೆ ಇತ್ತು ನಿಜ. ಆದರೆ ಅಲ್ಲಿ ಆಪೆಗೆ ಮೊದಲಿನಿಂದಲೂ ನಿಷೇಧ, ನಿಧಾನವಾಗಿ ಹೋಗುತ್ತದೆ ಎಂದು. ಅಂದರೆ ಫೆದೋರಾ ಒಂದು ರಸ್ತೆಯಲ್ಲಿ ಸಂಚಾರವಾಗಿದ್ದಳು, ಇನ್ನೊಂದರಲ್ಲಿ ಸಂಚಾರಕ್ಕೆ ಅಡ್ಡಿಯಾಗಿದ್ದಳು. ಅವಳು ಮೇಯರ್ ಕಚೇರಿಗೆ ಹೋದಳು.

"ನನ್ ಗಾಡಿಗೊಂದು ವಿನಾಯಿತಿ ಕೊಡಪ್ಪ. ಮಳೆ ಬರೋದ್ರೊಳಗೆ ಹಣ್ಣು ಸಾಗಿಸ್ಬೇಕು."

"ಯಾವ ಗಾಡಿ?" ಎಂದ ರನ್ಯೇರಿ. "ಆ ಹಾದೀಲಿ ಸಂಚಾರ ಮುಗಿದಿದೆ ಅಂತ ಸರ್ಕಾರಕ್ಕೆ ಬರ್ಕೊಟ್ಟಾಗಿದೆ. ಇಲ್ಲದ ಗಾಡಿಗೆ ವಿನಾಯಿತಿ ಕೊಟ್ರೆ, ಗಾಡಿ ಇದೆ ಅಂತಾಗಲ್ವಾ?"

"ಇದ್ಯಲ್ಲೋ! ಕಿಟಕೀಲಿ ನೋಡು, ಹೊರಗೇ ನಿಂತಿದೆ."

ರನ್ಯೇರಿ ಕಿಟಕಿಯತ್ತ ತಿರುಗಲಿಲ್ಲ. ಅವನು ನಿಯಮಕ್ಕೆ ಬದ್ಧನಾದ ಮನುಷ್ಯ. "ಬೇಡಮ್ಮ. ನೋಡಿದ್ರೆ ಕ್ರಮ ತಗೋಬೇಕಾಗುತ್ತೆ."

ಹೊರಗೆ ಒತ್ತೊರೀನೊ ಅವಳ ಕಿವಿಯ ಹತ್ತಿರ ಬಂದ. "ಅಕ್ಕ, ಒಂದು ಗಂಟೆಯಿಂದ ನಾಲ್ಕರವರೆಗೆ ನಾನು ಊಟಕ್ಕೆ ಹೋಗಿರ್ತೀನಿ. ನಾನು ಊಟ ಮಾಡೋವಾಗ ಕಾನೂನೂ ಊಟ ಮಾಡ್ತಿರುತ್ತೆ. ತಿಳೀತಾ?"

ತಿಳಿಯಿತು. ಮರುದಿನ ಒಂದು ಗಂಟೆಗೆ ಫೆದೋರಾ ಗಾಡಿಯ ತುಂಬ ಹಣ್ಣು ಹೇರಿಕೊಂಡು ಹೊರಟಳು. ವೈನ್‌ಮನೆಯ ಬಾಗಿಲಿಗೆ ಬಂದರೆ ಬೀಗ. ಅವರೂ ಒಂದರಿಂದ ನಾಲ್ಕರವರೆಗೆ ಊಟಕ್ಕೆ ಹೋಗಿದ್ದರು. ಅವಳು ಹಣ್ಣಿನ ಮೇಲೆ ತನ್ನ ಸ್ಕಾರ್ಫ್ ಹೊದಿಸಿ ಕಾದಳು. ನಾಲ್ಕಕ್ಕೆ ಬಾಗಿಲು ತೆರೆಯಿತು, ಅವಳು ಎಂಜಿನ್ ಚಾಲೂ ಮಾಡಿದಳು. ಅದೇ ನಾಲ್ಕಕ್ಕೆ ಒತ್ತೊರೀನೊ ತುಟಿಯ ಟೊಮೆಟೊ ಸಾರು ಒರೆಸಿಕೊಳ್ಳುತ್ತ ಕರ್ತವ್ಯಕ್ಕೆ ಹಾಜರಾದ.

"ಎಂಜಿನ್ ಆರಿಸಕ್ಕ. ಈಗ ನೀನು ಸಂಚಾರ."

"ಬಾಗಿಲು ಇಲ್ಲೇ ಇದ್ಯಲ್ಲೋ, ಒಂದು ಉಸಿರಿನ ದಾರಿ!"

"ಆ ಉಸಿರು ಎಂಜಿನ್‌ದು ಅಲ್ವಾ ಅಕ್ಕ?"

ಫೆದೋರಾ ಎಂಜಿನ್ ಆರಿಸಿದಳು. ಮುಂದೆ ಹೋಗುವಂತಿಲ್ಲ, ಹಿಂದೆ ಬರುವಂತಿಲ್ಲ. ಹಣ್ಣು ಬಿಸಿಲಿಗೆ ಬೆವರುತ್ತಿತ್ತು. ಅಷ್ಟರಲ್ಲಿ ಹಾಲೆಂಡಿನ ಸೈಕಲ್ ಸವಾರರ ಗುಂಪೊಂದು ಬಂತು. ಅದರ ನಾಯಕ ವೌಟರ್, ದಂತವೈದ್ಯ. ಗಾಡಿ ಕೆಟ್ಟು ನಿಂತ ಅಜ್ಜಿ ಎಂದುಕೊಂಡು ಇವರು ಸೈಕಲ್ ಇಳಿದು ಆಪೆಗೆ ಭುಜ ಕೊಟ್ಟರು. ಗಾಡಿ ಉರುಳಿ ಬಾಗಿಲೊಳಗೆ ಹೋಯಿತು. ಒತ್ತೊರೀನೊ ಸೀಟಿ ಬಾಯಿಗಿಟ್ಟವನು, ಫಲಕ ನೆನೆದು ನಿಂತ. ಮನುಷ್ಯನ ಸ್ನಾಯುಬಲ. ಫಲಕದ ಪ್ರಕಾರ ಇದು ಸೈಕಲ್. ಅವನು ಸೆಲ್ಯೂಟ್ ಹೊಡೆದ.

"ನಾಳೆಯೂ ತಳ್ಳಬಹುದಾ?" ಎಂದು ವೌಟರ್ ಏದುಸಿರು ಬಿಡುತ್ತ ಕೇಳಿದ. "ನನ್ ಹೆಂಡ್ತೀನೂ ಕರ್ಕೊಂಡ್ ಬರ್ತೀನಿ. ಇಂಥದ್ದು ನಮ್ಮೂರಲ್ಲಿ ಸಿಗಲ್ಲ."

ಶುಕ್ರವಾರ ಸಂಜೆಯ ಹೊತ್ತಿಗೆ ಕೊನೆಯ ಗೊಂಚಲೂ ವೈನ್‌ಮನೆ ಸೇರಿತು. ಶನಿವಾರ ಮಳೆ ಬಂತು. ಫೆದೋರಾ ಕಿಟಕಿಯಲ್ಲಿ ಕೂತು ಖಾಲಿ ಬಳ್ಳಿಗಳ ಮೇಲೆ ಮಳೆ ಬೀಳುವುದನ್ನು ನೋಡಿ, ಒಂದು ಲೋಟ ವೈನ್ ಕುಡಿದು ಮಲಗಿದಳು. ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಊರಿಗೆ ಸಮಿತಿ ಇತ್ತು.

ಸಮಿತಿಯು ಆಪೆ ತಳ್ಳುವ ಕೆಲಸಕ್ಕೆ "ನೈಜ ಸುಗ್ಗಿ ತಳ್ಳುವಿಕೆ" ಎಂದು ಹೆಸರಿಟ್ಟು ಶುಲ್ಕ ನಿಗದಿಪಡಿಸಿತು. ಮುಂದಿನ ಬೇಸಿಗೆಗೆ ಜನವೋ ಜನ. ವಾಹನವಿಲ್ಲದ ಹಾದಿಯ ನೆಮ್ಮದಿ ಸವಿಯಲು ದೂರದೂರದ ನಗರಗಳಿಂದ ಸೈಕಲ್‌ಗಳನ್ನು ಕಾರಿನ ತಲೆಯ ಮೇಲೆ ಕಟ್ಟಿಕೊಂಡು ಬಂದರು. ಕಾರುಗಳು ಚರ್ಚಿನ ಮೆಟ್ಟಿಲವರೆಗೂ ನಿಂತವು. ಒತ್ತೊರೀನೊಗೆ ಇಬ್ಬರು ಸಹಾಯಕರ ನೇಮಕವಾಯಿತು. ರನ್ಯೇರಿ ಊರಿಗೆಲ್ಲ ಸಮತಟ್ಟಾದ ಆ ಒಂದೇ ನೆಲಕ್ಕೆ ಬಂದು ನಿಂತ.

"ವಾಹನಮುಕ್ತ ಹಾದಿಗೆ ಬರೋ ವಾಹನಗಳು ಎಲ್ಲಾದ್ರೂ ನಿಲ್ಬೇಕಲ್ಲಮ್ಮ."

"ನಮ್ಮಪ್ಪ ನೆಟ್ಟ ಬಳ್ಳಿ ಕಣೋ ಇವು."

"ಅದಕ್ಕೇ ಪಾರ್ಕಿಂಗಿಗೆ ಅವರದ್ದೇ ಹೆಸ್ರು ಇಡ್ತಿರೋದು."

"ತೋಟಾನೇ ಹೋದ್ರೆ ಜನ ಏನು ತಳ್ತಾರೆ?"

"ಅದನ್ನ ಸಮಿತಿ ನೋಡ್ಕೊಳ್ಳುತ್ತೆ."

ಸಾರ್ವಜನಿಕ ಹಿತದೃಷ್ಟಿಯಿಂದ ಜನವರಿಯಲ್ಲಿ ಬಳ್ಳಿಗಳನ್ನು ಕಿತ್ತರು. ಫೆದೋರಾ ಅಂದು ಊಟ ಮಾಡಲಿಲ್ಲ. ಅವಳ ಭಾವನೆಗಳನ್ನು ಗೌರವಿಸಿ ಒಂದು ಬಳ್ಳಿಯನ್ನು ಕುಂಡದಲ್ಲಿ ನೆಟ್ಟು ಟಿಕೆಟ್ ಯಂತ್ರದ ಪಕ್ಕದಲ್ಲಿ ಇಡಲಾಯಿತು.

ಸಮಿತಿ ಕೊಟ್ಟ ಮಾತಿಗೆ ತಪ್ಪಲಿಲ್ಲ. ಈಗ ದ್ರಾಕ್ಷಿ ಬೇರೆ ಪ್ರಾಂತ್ಯದಿಂದ ಟಾರು ರಸ್ತೆಯಲ್ಲಿ ಲಾರಿಯಲ್ಲಿ ಬರುತ್ತದೆ. ಅದನ್ನು ಆಪೆಗೆ ತುಂಬಿ, ಫೆದೋರಾಳನ್ನು ಕೂರಿಸಿ, ಪ್ರವಾಸಿಗರು ವೈನ್‌ಮನೆಯವರೆಗೆ ತಳ್ಳುತ್ತಾರೆ. ವೈನ್‌ಮನೆ ಈಗ ಸೈಕಲ್ ಬಾಡಿಗೆ ಅಂಗಡಿ. ಆದ್ದರಿಂದ ಅಲ್ಲಿ ಹಣ್ಣು ಇಳಿಸುವುದಿಲ್ಲ, ಮುಂದಿನ ತಂಡ ಅದನ್ನೇ ವಾಪಸು ತಳ್ಳುತ್ತದೆ. ಹಣ್ಣು ಬುಧವಾರದ ಹೊತ್ತಿಗೆ ಕೆಡುತ್ತದೆ, ಗುರುವಾರ ಬೇರೆ ಲಾರಿ ಬರುತ್ತದೆ.

ಹೋದ ಸೆಪ್ಟೆಂಬರಿನಲ್ಲಿ ವೌಟರ್ ಹೆಂಡತಿಯ ಜೊತೆ ಮತ್ತೆ ಬಂದ. ಹಳೆಯ ಪರಿಚಯದ ಸಲಿಗೆಯಿಂದ ಆಪೆಯ ಕಿಟಕಿಗೆ ಬಗ್ಗಿದ.

"ಈ ಸಲ ಬೆಳೆ ಹೇಗಿದೆ ಅಜ್ಜಿ?"

ಫೆದೋರಾ ಅಪ್ಪನ ಹೆಸರಿನ ಪಾರ್ಕಿಂಗ್ ಕಡೆ ನೋಡಿದಳು. "ಭರ್ಜರಿ ಕಣಪ್ಪ. ಬೆಳಿಗ್ಗೆ ಒಂಬತ್ತಕ್ಕೇ ತುಂಬಿಹೋಯ್ತು."

ವೌಟರ್ ಸಂತೋಷದಿಂದ ತಲೆಯಾಡಿಸಿ ಭುಜ ಕೊಟ್ಟ. ಒತ್ತೊರೀನೊ ಸೀಟಿ ಊದಿದ. ಫೆದೋರಾ ಬ್ರೇಕಿನ ಮೇಲೆ ಕಾಲಿಟ್ಟಳು, ತೆಗೆಯಲಿಲ್ಲ. ತಂಡ ತಳ್ಳಿತು, ಗಾಡಿ ಕದಲಲಿಲ್ಲ. ಇನ್ನೊಂದು ತಂಡ ಬಂದು ಸೇರಿಕೊಂಡಿತು, ಆಗಲೂ ಕದಲಲಿಲ್ಲ. ಸಂಜೆಯವರೆಗೆ ತಳ್ಳಿ ಸುಸ್ತಾದವರೆಲ್ಲ, ರೈತರ ಕಷ್ಟ ಏನೆಂದು ಇಂದು ನಿಜವಾಗಿ ಅರ್ಥವಾಯಿತು ಎಂದು ಒಮ್ಮತದಿಂದ ಹೇಳಿ, ಕಾರು ಹತ್ತಿ ಹೋದರು.

ಮರುವಾರ ದರಪಟ್ಟಿಯಲ್ಲಿ ಹೊಸ ಸಾಲೊಂದು ಸೇರಿತು: "ಕದಲದ ಗಾಡಿ: ಒಂದೂವರೆ ಪಟ್ಟು ಶುಲ್ಕ. ಮುಂಗಡ ಕಾಯ್ದಿರಿಸತಕ್ಕದ್ದು."