ಶಕ್ತಿಪುಡಿಯ ಕಾಲದಲ್ಲಿ ನಮ್ಮ ಗಿರಣಿ

ಹಿಟ್ಟಿನ ಗಿರಣಿ ನಡೆಸುವವರಿಗೆ ಊರ ಮಂದಿ ಏನು ತಿನ್ನುತ್ತಾರೆ ಎಂಬುದು ಗೊತ್ತಿರುತ್ತದೆ. ಏನು ತಿಂದರೆ ತಮಗೆ ಸಾವೇ ಬರುವುದಿಲ್ಲ ಎಂದು ನಂಬಿದ್ದಾರೆ ಎಂಬುದೂ ಗೊತ್ತಿರುತ್ತದೆ. ಮಜಾ ಇರುವುದು ಎರಡನೆಯದರಲ್ಲಿ. ರಾಣೆಬೆನ್ನೂರಿನ ನಮ್ಮ ಗಿರಣಿಯಲ್ಲಿ ಕಲ್ಲು, ಪಟ್ಟಾ, ಮೋಟಾರು ನೋಡಿಕೊಳ್ಳುವುದು ನಮ್ಮ ಮನೆಯವರು. ಗಿರಾಕಿಗಳ ಬಾಯಿ ನೋಡಿಕೊಳ್ಳುವುದು ನನ್ನ ಪಾಲು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಅಂಗಡಿಗಳಿಗೆ ಪ್ಯಾಕೆಟ್ ಹಿಟ್ಟು ಬಂದು ನಮ್ಮ ಮುಂದಿನ ಸಾಲು ಕರಗತೊಡಗಿತು. "ಮುಚ್ಚಿ ಬಿಡೂಣೇನ?" ಎಂದು ಮನೆಯವರು ಕೇಳುತ್ತಿರುವಾಗಲೇ ಊರಿಗೆ ಆರೋಗ್ಯದ ಹುಚ್ಚು ಹಿಡಿಯಿತು. ಬೆಳಿಗ್ಗೆ ಟಿವಿಯಲ್ಲಿ ಯಾರೋ ಒಂದು ಕಾಳಿನ ಹೆಸರು ಹೇಳಿದರೆ ಸಾಕು, ಮಧ್ಯಾಹ್ನದೊಳಗೆ ಆ ಕಾಳು ಡಬ್ಬಿ ಸಮೇತ ನಮ್ಮ ಕಟ್ಟೆಯ ಮೇಲೆ ಕುಳಿತಿರುತ್ತಿತ್ತು. ಗಿರಣಿ ಉಳಿಯಿತು. ನಗುವುದಕ್ಕೂ ಕೊರತೆಯಾಗಲಿಲ್ಲ.

ಒಂದು ಡಬ್ಬಿ, ಮೂರು ಗುಟ್ಟು

ನಮ್ಮ ಓಣಿಯ ಬ್ಯಾಂಕಿನ ಕಾರಕೂನರ ಮನೆಯಿಂದ ಒಂದು ಡಬ್ಬಿ ಗೋಧಿ ಬಂತು. ತಂದವರು ಅವರ ತಾಯಿ. ಸೆರಗಿನ ಗಂಟು ಬಿಚ್ಚಿ ಮೆಂತೆಕಾಳು ಸುರಿದು ಪಿಸುಗುಟ್ಟಿದರು: "ನನ್ನ ಮಗಗ ಶುಗರ್ ಬಂದೈತಿ. ಇದನ್ನ ಕೂಡಿಸಿ ಬೀಸು. ಸೊಸಿ ಮುಂದ ಹೇಳಬ್ಯಾಡವಾ, ಕಹಿ ಅಂತ ಮಾರಿ ಗಂಟ ಹಾಕ್ತಾಳ."

ಅವರು ಹೋಗಿ ಸ್ವಲ್ಪ ಹೊತ್ತಿಗೆ ಸೊಸೆ ಬಂದಳು. ಕೈಯಲ್ಲಿ ಸೋಯಾ ಕಾಳಿನ ಚೀಲ. "ಅಕ್ಕಾರ, ಇಷ್ಟೂ ನಮ್ಮ ಡಬ್ಬಿಗೆ ಹಾಕ್ರಿ. ಹುಡುಗರಿಗೆ ಪ್ರೋಟೀನ್ ಬೇಕಂತ. ನಮ್ಮ ಅತ್ತ್ಯಾರಿಗೆ ಗೊತ್ತಾಗಬಾರ್ದು ನೋಡ್ರಿ, ದನಕ್ಕ ಹಾಕೋದನ್ನ ನಮಗ ಹಾಕ್ತಾಳ ಅಂತಾರ."

ಸಂಜೆ ಬ್ಯಾಂಕು ಬಿಟ್ಟು ಬರುತ್ತ ಕಾರಕೂನರು ಸ್ಕೂಟರ್ ನಿಲ್ಲಿಸಿದರು. "ನಮ್ದು ಇನ್ನೂ ಬೀಸಿಲ್ಲಲ್ರಿ? ಛಲೋ ಆತು." ಆಚೀಚೆ ನೋಡಿ ಬ್ಯಾಗಿನಿಂದ ಜವೆಗೋಧಿಯ ಪೊಟ್ಟಣ ತೆಗೆದರು. "ಹೊಟ್ಟಿ ಇಳೀತೈತಂತ. ಮನ್ಯಾಗಿನ ಹೆಂಗಸರಿಗೆ ಗೊತ್ತಾದ್ರ ನಗತಾರ, ಸುಮ್ನ ಹಾಕಿಬಿಡ್ರಿ."

ಡಬ್ಬಿಯೊಳಗೆ ಕೈಯಾಡಿಸಿದ ನಮ್ಮ ಮನೆಯವರು, "ಇದರಾಗ ಗೋಧಿ ಎಲ್ಲೈತಿ?" ಎಂದರು. ಬೀಸಿ ಕೊಟ್ಟೆವು.

ಇನ್ನು ಮೂವರೂ ಜಗಳಕ್ಕೆ ಬರುತ್ತಾರೆ ಎಂದು ನಾನು ಮಾತು ಜೋಡಿಸಿಟ್ಟುಕೊಂಡಿದ್ದೆ. ಬಂದರು, ಆದರೆ ಬೇರೆ ಬೇರೆಯಾಗಿ, ಮೆತ್ತಗೆ. ಮೂವರೂ ಆಡಿದ್ದು ಒಂದೇ ಮಾತು: "ನಾ ಹಾಕಿದ್ದು ಜಾಸ್ತಿ ಆತು ಕಾಣತೈತಿ. ಚಪಾತಿ ಬಾಯಾಗ ಇಡಾಕ ಆಗವಲ್ದು. ಆದರೂ ಪಾಪ, ಮನ್ಯಾಗ ಉಳದ ಇಬ್ಬರೂ ಭಾಳ ರುಚಿ ಆಗ್ಯಾವ ಅಂತ ಹೊಗಳಿ ಹೊಗಳಿ ತಿಂದ್ರು!"

ಪರದೇಶದ ಬೀಜ

ಹೊಸ ಬಡಾವಣೆಯಲ್ಲಿ ಒಬ್ಬ ಅಧಿಕಾರಿಯ ಹೆಂಡತಿ ಇದ್ದರು. ಅವರ ಅತ್ತೆ ಗುತ್ತಲದಲ್ಲಿ. ಆ ಹಿರಿಯರು ಬಸ್ಸಿನವರ ಕೈಲಿ ಆಗಾಗ ಒಂದು ಡಬ್ಬಿ ಅಗಸಿ ಚಟ್ನಿ ಕಳಿಸುತ್ತಿದ್ದರು. ಈ ಸೊಸೆ ಅದನ್ನು ಹಾಗೆಯೇ ತಂದು ನನಗೆ ಕೊಟ್ಟುಬಿಡುತ್ತಿದ್ದರು. "ತಗೋರಿ, ನಮ್ಮ ಮನ್ಯಾಗ ಇಂಥಾ ಹಳೀ ಕಾಲದ್ದು ಯಾರೂ ತಿನ್ನಂಗಿಲ್ಲ." ಬೆಳ್ಳುಳ್ಳಿ ಹಾಕಿ ಕುಟ್ಟಿದ ಆ ಚಟ್ನಿಗೆ ಬಿಸಿ ರೊಟ್ಟಿ, ಮೊಸರು ಇದ್ದರೆ ನಮ್ಮ ಮನೆಯವರು ಪಲ್ಯ ಕೇಳುತ್ತಿರಲಿಲ್ಲ.

ಒಂದು ದಿನ ಅದೇ ಸೊಸೆ ಹುಬ್ಬಳ್ಳಿಯ ದೊಡ್ಡ ಅಂಗಡಿಯಿಂದ ತಂದ ಹೊಳೆಯುವ ಪ್ಯಾಕೆಟ್ ಹಿಡಿದು ಬಂದರು. ಮಗುವನ್ನು ಎತ್ತಿಕೊಂಡಂತೆ ಎರಡೂ ಕೈಯಲ್ಲಿ ಹಿಡಿದಿದ್ದರು.

"ಇದು ಫ್ಲ್ಯಾಕ್ಸ್ ಸೀಡ್ ರಿ. ಪರದೇಶದ ಮಂದಿ ಹಾರ್ಟಿಗೆ ಇದನ್ನ ತಿಂತಾರ. ಬ್ಯಾರೆ ಯಾವುದರ ವಾಸನಿನೂ ಹತ್ತದಂಗ ಬೀಸಿ ಕೊಡ್ರಿ."

ಬಿಚ್ಚಿ ನೋಡಿದೆ. ಅಗಸಿ. ಅದೇ ಗುತ್ತಲದ ಅಗಸಿಯ ಬಣ್ಣ, ಅದೇ ಮಿಣುಕು.

"ಎಣ್ಣಿ ಕಾಳು ಕಲ್ಲಿಗೆ ಹತ್ತಿಕೊಳ್ತಾವ್ರಿ. ಸ್ವಲ್ಪ ಹುರದು ಮನ್ಯಾಗ ಮಿಕ್ಸಿಗೆ ಹಾಕ್ಕೋರಿ," ಎಂದೆ.

ಅವರು ಹೋದ ಮೇಲೆ ಮನೆಯವರು ಸಿಟ್ಟಾದರು. "ಅದು ಅಗಸಿ ಅಂತ ಯಾಕ ಹೇಳಲಿಲ್ಲ ನೀ?"

"ಹೇಳತಿದ್ನಿ. ನಾಳಿಂದ ಚಟ್ನಿ ಯಾರ ಕೊಡತಾರ?"

ಅವರು ಒಂದು ಗಳಿಗೆ ವಿಚಾರ ಮಾಡಿದರು. "ಖರೇ ಐತಿ. ಪರದೇಶದ್ದಽ ಇರವಲ್ದ್ಯಾಕ."

ಮೈ ಹಿಡಿಯುವ ಪುಡಿ

ಹಾವೇರಿಯಲ್ಲಿರುವ ನಮ್ಮ ಅಕ್ಕನ ಮಗ ಜೋಳದ ದಂಟಿನ ಹಾಗಿದ್ದ. ಕನ್ಯೆ ನೋಡಿದಲ್ಲೆಲ್ಲ "ಹುಡುಗ ಭಾಳ ಸೊರಗ್ಯಾನ" ಎಂದು ಬಿಡುತ್ತಿದ್ದರು. ಅಕ್ಕ ಹಟ ಹಿಡಿದು ಹುಬ್ಬಳ್ಳಿಯಿಂದ ಮೈ ಹಿಡಿಯುವ ಪುಡಿಯ ಡಬ್ಬಿ ತರಿಸಿದಳು. ಅದರ ಮೇಲೆ ಅಂಗಿ ಹಾಕದ ಒಬ್ಬ ಪೈಲ್ವಾನ. ಅಂಥ ಡಬ್ಬಿಯನ್ನು ಅಡುಗೆಮನೆಯಲ್ಲಿಡುವುದು ಮರ್ಯಾದೆಯಲ್ಲವೆಂದು ಪಡಸಾಲೆಯ ಶೋಕೇಸಿನಲ್ಲಿಟ್ಟಳು.

ಕರ್ಜಗಿಯಿಂದ ಬೀಗರು ಮನೆ ನೋಡಲು ಬಂದರು. ಹುಡುಗಿಯೂ ಬಂದಿದ್ದಳು, ಮೈಕೈ ತುಂಬಿದ ಗಟ್ಟಿ ಹುಡುಗಿ. ನಾನೂ ಅಲ್ಲೇ ಇದ್ದೆ. ಚುರುಮರಿ ತಿನ್ನುತ್ತಿದ್ದ ಹುಡುಗಿಯ ಅಜ್ಜನ ಕಣ್ಣು ಡಬ್ಬಿಯ ಮೇಲೆ ಬಿತ್ತು.

"ಅದೇನವಾ ಔಷಧ? ಹುಡುಗಗ ಏನರ ಬ್ಯಾನಿ ಐತೇನ?"

"ಅಯ್ಯ, ಬ್ಯಾನಿ ಯಾಕ ಬಂದೀತರಿ! ಶಕ್ತಿಪುಡಿ ಅದು," ಎಂದಳು ಅಕ್ಕ.

"ಶಕ್ತಿ ಇದ್ದವ ಪುಡಿ ಯಾಕ ತಿಂತಾನ?" ಅಜ್ಜ ಚುರುಮರಿ ಕೆಳಗಿಟ್ಟರು. ಟವೆಲ್ ಹೆಗಲಿಗೇರಿತು. ಅಕ್ಕನ ಮುಖ ಬಿಳುಚಿತು. ಹುಡುಗ ಇನ್ನಷ್ಟು ತೆಳ್ಳಗಾದ.

ಆಗ ಮೂಲೆಯಿಂದ ಹುಡುಗಿಯ ದನಿ ಬಂತು: "ಕುಂದ್ರು ಅಜ್ಜಾ. ನಾನೂ ಕುಡಿಯಾಕತ್ತೇನಿ ಪುಡಿ. ಮೈ ಇಳೀಲಿ ಅಂತ."

ಅವಳ ತಾಯಿ ಮೊಣಕೈಯಿಂದ ತಿವಿಯುವುದರೊಳಗೆ ಮಾತು ಹೊರಬಿದ್ದಿತ್ತು. ಹುಡುಗ ಮೊದಲ ಸಲ ತಲೆಯೆತ್ತಿ ಅವಳನ್ನು ನೋಡಿ ನಕ್ಕ. ಅವಳೂ ನಕ್ಕಳು. ಅಜ್ಜ ಚುರುಮರಿ ತಟ್ಟೆ ಮತ್ತೆ ಕೈಗೆತ್ತಿಕೊಂಡರು. ಮದುವೆ ನಿಶ್ಚಯವಾಯಿತು.

ವರ್ಷದ ಮೇಲೆ ಹೋಗಿ ನೋಡುತ್ತೇನೆ, ಅವನಿಗೆ ಸಣ್ಣ ಹೊಟ್ಟೆ ಬಂದಿದೆ, ಅವಳು ಬಳುಕುವಂತಾಗಿದ್ದಾಳೆ.

"ಪುಡಿ ಇಬ್ಬರಿಗೂ ಛಲೋ ಹಿಡದಾವಲ್ಲವಾ!" ಎಂದೆ.

ಸೊಸೆ ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದಳು. "ಪುಡಿ ಬಿಟ್ಟು ಭಾಳ ದಿನ ಆತ್ರಿ, ಚಿಗವ್ವ. ಅವರು ನಾ ಮಾಡಿದ್ದು ಉಣ್ತಾರ. ನಾ ಅತ್ತ್ಯಾರು ಮಾಡಿದ್ದು ಉಣ್ತೀನಿ."

ಬ್ಯಾಡಗಿಯಲ್ಲಿ ಭಾಷಣ

ನನ್ನ ಮೈದುನನದು ಬ್ಯಾಡಗಿಯಲ್ಲಿ ಗೋಣಿಚೀಲದ ಅಂಗಡಿ. ಒಬ್ಬರ ಕೆಳಗೆ ಒಬ್ಬರು ಸೇರುತ್ತ ಹೋಗುವ ಯಾವುದೋ ಕಂಪನಿಗೆ ಅವನೂ ಸೇರಿಕೊಂಡ. ಅವರು ಮಾರುತ್ತಿದ್ದುದು ಎಲ್ಲೋ ದ್ವೀಪದಲ್ಲಿ ಬೆಳೆಯುವ ಹಣ್ಣಿನ ರಸ. ಕುಡಿದರೆ ಕೂದಲಿನಿಂದ ಹಿಮ್ಮಡಿಯವರೆಗೆ ಎಲ್ಲ ರೋಗಗಳೂ ಓಡುತ್ತವಂತೆ. ಬ್ಯಾಡಗಿಯವರು ಕೊಳ್ಳಲಿಲ್ಲ. ಬಾಟ್ಲಿಯ ಪೆಟ್ಟಿಗೆಗಳು ಅಂಗಡಿ ತುಂಬಿ, ಪಡಸಾಲೆ ತುಂಬಿ, ಮಲಗುವ ಕೋಣೆಗೂ ಬಂದವು. "ಒಂದೋ ಪೆಟ್ಟಿಗಿ ಇರಬೇಕು, ಇಲ್ಲಾ ನಾ ಇರಬೇಕು," ಎಂದು ಅವನ ಹೆಂಡತಿ, ಅಂದರೆ ನನ್ನ ನೆಗೆಣ್ಣಿ, ತವರಿನ ಚೀಲ ತೆಗೆದಿಟ್ಟಳು.

ಮೈದುನ ಕಡೆಯ ಪ್ರಯತ್ನವೆಂದು ಹುಬ್ಬಳ್ಳಿಯಿಂದ ಕಂಪನಿಯ ದೊಡ್ಡ ಸಾಹೇಬರನ್ನು ಭಾಷಣಕ್ಕೆ ಕರೆಸಿದ. ಸಭೆ ಮೆಣಸಿನಕಾಯಿ ಯಾರ್ಡಿನ ಪಕ್ಕದ ಸಭಾಗೃಹದಲ್ಲಿ. ಅದೂ ಸುಗ್ಗಿಯ ಕಾಲ. ಹೊರಗೆ ಚೀಲಗಳನ್ನು ಇಳಿಸುತ್ತಿದ್ದರು, ಕಿಟಕಿಗಳೆಲ್ಲ ತೆರೆದಿದ್ದವು. ರಾಣೆಬೆನ್ನೂರಿನಿಂದ ಹೋದ ನಾನು ಮೂಗಿಗೆ ಸೆರಗು ಹಿಡಿದು ನೆಗೆಣ್ಣಿಯ ಪಕ್ಕ ಕುಳಿತೆ.

ಕೋಟು, ಟೈ ಹಾಕಿದ ಸಾಹೇಬರು ಮೈಕು ಹಿಡಿದರು. "ಬಂಧುಗಳೇ! ಎರಡು ವರ್ಷದಿಂದ ಈ ರಸ ಕುಡಿಯುತ್ತಿದ್ದೇನೆ. ನೆಗಡಿ ಇಲ್ಲ, ಕೆಮ್ಮು ಇಲ್ಲ. ಒಂದೇ ಒಂದು ಸೀನು ಕೂಡ..."

ಗಾಳಿ ಬೀಸಿತು.

ಮೊದಲ ಸೀನಿಗೆ ಮೈಕು ಕುಂಯ್‌ಗುಟ್ಟಿತು. ಎರಡನೆಯದಕ್ಕೆ ಕನ್ನಡಕ ಹಾರಿತು. ಆಮೇಲೆ ಎಣಿಸುವವರು ಯಾರು? ಕಣ್ಣಲ್ಲಿ ನೀರು, ಮೂಗಲ್ಲಿ ನೀರು, ಮುಖ ಒಣಗಿದ ಬ್ಯಾಡಗಿ ಮೆಣಸಿನಕಾಯಿಯ ಬಣ್ಣ. ಮುಂದೆ ಕುಳಿತ ಬ್ಯಾಡಗಿಯ ಮಂದಿಗೆ ಮಾತ್ರ ಏನೂ ಆಗಿರಲಿಲ್ಲ, ಹುಟ್ಟಿದಾಗಿನಿಂದ ಆ ಘಾಟಿನಲ್ಲೇ ಇದ್ದವರು. ಮಿಕಿಮಿಕಿ ನೋಡುತ್ತಿದ್ದರು.

"ಅವರಿಗೆ ಒಂದ ಬಾಟ್ಲಿ ಕೊಡ್ರಲೇ!" ಹಿಂದಿನಿಂದ ಯಾರೋ ಕೂಗಿದರು.

ಮೈದುನ ಓಡಿಹೋಗಿ ಕೊಟ್ಟ. ಸಾಹೇಬರು ಗಟಗಟ ಕುಡಿದರು. ಸೀನು ಇಮ್ಮಡಿಯಾಯಿತು.

"ಮುಗೀತಕ್ಕಾ," ಎಂದಳು ನೆಗೆಣ್ಣಿ. "ನಾ ನಿಮ್ಮ ಜೋಡಿನಽ ಬಸ್ಸ ಹತ್ತತೀನಿ." ಮೈದುನ ನೆಲ ನೋಡುತ್ತ ನಿಂತಿದ್ದ. ಅವನನ್ನು ನೋಡಿ ನನಗೆ ಸಂಕಟವಾಯಿತು.

ಅಷ್ಟರಲ್ಲಿ ಮುಂದಿನ ಸಾಲಿನಿಂದ ಒಬ್ಬ ಮುದಿ ಮೆಣಸಿನಕಾಯಿ ವ್ಯಾಪಾರಿ ಕೋಲೂರಿ ಎದ್ದರು.

"ತಮ್ಮಾ, ನನ್ನ ಜಲ್ಮೆಲ್ಲಾ ಈ ಯಾರ್ಡನ್ಯಾಗ ಹೋತು. ಮೂಗು ಕಟ್ಟಿ ಕಲ್ಲಾಗೈತಿ, ಸೀನಬೇಕಂದ್ರೂ ಒಂದ ಸೀನ ಬರವಲ್ದು. ಒಂದ ಬಾಟ್ಲಿಗೆ ಇಷ್ಟ ಬರ್ತಾವಂದ್ರ, ನನಗ ಎರಡ ಕಟ್ಟಪಾ."

"ನನಗೂ ಒಂದ!" ಎಂದರು ಪಕ್ಕದವರು. ಕುರ್ಚಿಗಳು ಸರಿದವು, ಸಾಲು ನಿಂತಿತು. ಬಾಟ್ಲಿ ಸಾಲದೆ ನೆಗೆಣ್ಣಿ ಸೆರಗು ಕಟ್ಟಿ ತಾನೇ ಮನೆಗೆ ಓಡಿ ಪೆಟ್ಟಿಗೆ ಹೊರಿಸಿಕೊಂಡು ಬಂದಳು.

ಸಾಹೇಬರು ಕರ್ಚೀಫಿನಿಂದ ಕಣ್ಣೊರೆಸಿಕೊಂಡು ಆ ಸಾಲು ನೋಡಿ ಬೆರಗಾದರು. "ನನ್ನ ಭಾಷಣ... ಆಕ್ಷೀ... ಇನ್ನೂ ಮುಗಿದೇ ಇಲ್ಲ. ಇವರೆಲ್ಲ ಯಾತಕ್ಕೆ ಕೊಳ್ಳುತ್ತಿದ್ದಾರೆ?"

ಮೈದುನ ಕೈ ಜೋಡಿಸಿದ.

"ಸೀನಾಕ್ರಿ, ಸಾಹೇಬ್ರ."