ಓಡಿಸಿದ್ರೆ ಹೋಗ್ತದೆ!

"ಒಂದೇ ಒಂದು ವಾರ್ನಿಂಗ್ ಲೈಟ್ ಉರಿದ್ರೆ ನನ್ನ ಹೆಸರು ಹಿತೇಶ್ ಅಲ್ಲ!"

ಶುಕ್ರವಾರ ಸಂಜೆ ಚಹಾದ ಲೋಟವನ್ನು ಮೇಜಿನ ಮೇಲೆ ಕುಟ್ಟಿ ಜೆಪ್ಪುವಿನ ಹಿತೇಶ ಹೀಗೊಂದು ಘೋಷಣೆ ಹೊರಡಿಸಿದಾಗ ಅವನ ಹೆಂಡತಿ ಮೋಕ್ಷಾ ಬಿಸ್ಕತ್ತು ಅದ್ದುತ್ತಿದ್ದಳು. ಮೇಜು ಅದುರಿ ಬಿಸ್ಕತ್ತು ಮುರಿದು ಚಹಾದ ತಳ ಸೇರಿತು.

"ಹಾಗಾದ್ರೆ ಬೇರೆ ಹೆಸರು ಈಗಲೇ ಯೋಚಿಸಿ ಇಡಿ," ಎಂದಳು ಮೋಕ್ಷಾ, ಚಮಚದಿಂದ ಬಿಸ್ಕತ್ತನ್ನು ಹುಡುಕುತ್ತಾ.

ವಿಷಯ ಬೈಕಿನದು. ಬೈಕು ಮೋಕ್ಷಾಳದು. ಇದನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಹಿತೇಶನ ಸಕಲ ಸಂಕಟಗಳ ಮೂಲ ಅದೇ! ಬಲ್ಮಠದ ವಿಮಾ ಕಚೇರಿಯೊಂದರಲ್ಲಿ ಜಜ್ಜಿಹೋದ ವಾಹನಗಳ ಕ್ಲೇಮುಗಳನ್ನು ಪರೀಕ್ಷಿಸುವ ಮೋಕ್ಷಾ, ಮೂರು ವರ್ಷ ತನ್ನ ಸಂಬಳದಲ್ಲಿ ಉಳಿಸಿ ಆ ನೀಲಿ ಸ್ಪೋರ್ಟ್ಸ್ ಬೈಕನ್ನು ಮನೆಗೆ ತಂದಿದ್ದಳು. ಬೆಳಿಗ್ಗೆ ಅವಳು ಗೇಟು ದಾಟಿ ಗುಂಯ್ಯೆಂದು ಹೊರಟರೆ ಅಕ್ಕಪಕ್ಕದವರು ನೋಡಲು ಬಾಗಿಲಿಗೆ ಬರುತ್ತಿದ್ದರು. ಅವಳ ಹಿಂದೆಯೇ ಹಿತೇಶ ತನ್ನ ಹಳೆಯ ಸ್ಕೂಟರಿನಲ್ಲಿ ಗೊರಗೊರ ಎಂದು ಹೊರಟರೆ ಅವರೇ ಮುಖ ತಿರುಗಿಸಿ ಒಳಗೆ ಹೋಗುತ್ತಿದ್ದರು. ಏಳು ತಿಂಗಳಲ್ಲಿ ಆ ಬೈಕಿನ ಮೇಲೆ ಅವನಿಗೆ ಸಿಕ್ಕಿದ್ದ ಅಧಿಕಾರ ಒಂದೇ, ವಾರಕ್ಕೊಮ್ಮೆ ಒರೆಸುವುದು. ಕೀ ಮಾತ್ರ ಮುಟ್ಟುವಂತಿರಲಿಲ್ಲ.

ಹೇಗೋ ನಡೆಯುತ್ತಿತ್ತು. ಆದರೆ ಈ ಭಾನುವಾರ ಮೂಲ್ಕಿಯಲ್ಲಿ ಹಿತೇಶನ ದೊಡ್ಡಪ್ಪನ ಮಗಳ ಮದುವೆಯ ಮದರಂಗಿ. ಇಡೀ ಕುಟುಂಬ ಸೇರುತ್ತದೆ, ಅದರಲ್ಲಿ ಅವನ ಅಕ್ಕನ ಗಂಡ, ಭಾವನೂ ಇರುತ್ತಾನೆ! ಕಳೆದ ಸಲ ಎಲ್ಲರೂ ಸೇರಿದ್ದಾಗ ಅವನು, "ಎಂತ ಹಿತೇಶ, ಹೆಂಡತಿ ಬಂದು ಊಟ ಮುಗಿಸಿ ಕೈ ತೊಳೆದಾಯ್ತು, ನೀನು ಈಗ ಬಂದು ಮುಟ್ಟಿದ್ದಾ?" ಎಂದು ಪಂಕ್ತಿಯುದ್ದಕ್ಕೂ ಕೇಳುವಂತೆ ಕೂಗಿದ್ದ. ಎಲೆಯ ಮುಂದೆ ಕೂತವರೆಲ್ಲ ನಕ್ಕಿದ್ದರು. ಹಾಗಾಗಿ ಈ ಸಲ ಹಿತೇಶ ಆ ನೀಲಿ ಬೈಕನ್ನು ಸ್ವತಃ ಓಡಿಸಿಕೊಂಡು ಭಾವನ ಕಣ್ಣೆದುರೇ ಅಂಗಳಕ್ಕೆ ನುಗ್ಗಬೇಕು! ಇದು ಅವನ ಮಾನದ ಪ್ರಶ್ನೆಯಾಗಿತ್ತು.

ದಾರಿ ತಾನಾಗಿಯೇ ಒದಗಿ ಬಂತು. ಮೋಕ್ಷಾಳಿಗೆ ಬೈಕಿಗೆ ಎಲ್‌ಇಡಿ ಇಂಡಿಕೇಟರು, ಎರಡು ಫಾಗ್ ಲ್ಯಾಂಪು ಮತ್ತು ಮೊಬೈಲ್ ಚಾರ್ಜರು ಹಾಕಿಸುವ ಆಸೆ. ಆದರೆ ಹೊರಗಿನ ಸಾಮಾನು ಕೂರಿಸಿದರೆ ಈ ಜಾತಿಯ ಬೈಕುಗಳು ಮೀಟರಿನಲ್ಲಿ ವಾರ್ನಿಂಗ್ ಲೈಟ್ ಉರಿಸಿ ರಂಪ ಮಾಡುತ್ತವೆ ಎಂದು ಯಾರೋ ಅವಳನ್ನು ಹೆದರಿಸಿದ್ದರು.

"ನಾನು ಕೂರಿಸ್ತೇನೆ," ಎಂದ ಹಿತೇಶ. "ಲೈಟ್ ಉರಿಯದಿದ್ರೆ ಭಾನುವಾರ ಕೀ ನನ್ಗೆ. ನೀನು ಹಿಂದೆ."

"ಉರಿದ್ರೆ?"

"ಉರಿಯುವ ಪ್ರಶ್ನೆಯೇ ಇಲ್ಲ!"

"ಉರಿದ್ರೆ ನೀವು ನನ್ನ ಹಿಂದೆ. ಸೊಂಟ ಹಿಡ್ಕೊಂಡು. ಭಾವನ ಎದುರೇ ಇಳೀಬೇಕು. ಮತ್ತೆ ಇನ್ನೊಂದು, ನಾನು ಬಂದು ನೋಡುವವರೆಗೆ ಗಾಡಿ ಇದ್ದಲ್ಲೇ ಇರ್ಬೇಕು. ಓಡಿಸ್ಲಿಕ್ಕಿಲ್ಲ. ಎಷ್ಟು ಕಿಲೋಮೀಟರ್ ಓಡಿದೆ ಅಂತ ಮೀಟರಿನ ಫೋಟೋ ತೆಗೆದಿಟ್ಟಿದ್ದೇನೆ."

ಕ್ಲೇಮು ನೋಡುವವಳಲ್ಲವೇ, ಗಂಡನ ಮೇಲೆ ಎಷ್ಟು ಪ್ರೀತಿಯೋ ದಾಖಲೆಯ ಮೇಲೆ ಅದಕ್ಕಿಂತ ಒಂದು ತೂಕ ಹೆಚ್ಚು!

ಹಿತೇಶನ ಧೈರ್ಯಕ್ಕೂ ಆಧಾರವಿತ್ತು. ಅವನ ಉದ್ಯೋಗವೇ ದೀಪಾಲಂಕಾರ. ಹದಿನಾರು ವರ್ಷಗಳಿಂದ ಮದುವೆ ಮನೆ, ಭೂತದ ನೇಮ ನಡೆಯುವ ಗದ್ದೆ, ಯಕ್ಷಗಾನದ ರಂಗಸ್ಥಳ ಎಲ್ಲವನ್ನೂ ಬೆಳಗಿಸಿದವನು. ಅವನ ವೃತ್ತಿಯಲ್ಲಿ ದೀಪ ಉರಿದರೆ ಗೆಲುವು, ಉರಿಯದಿದ್ದರೆ ಬೈಗುಳ. ಉರಿಯದಂತೆ ನೋಡಿಕೊಳ್ಳುವ ಕೆಲಸ ಹಿಡಿದದ್ದು ಮಾತ್ರ ಇದೇ ಮೊದಲು.

ಶನಿವಾರ ಬೆಳಿಗ್ಗೆ ಮೋಕ್ಷಾ ಕೀಯನ್ನು ಅವನ ಕೈಯಲ್ಲಿಟ್ಟು ಬಸ್ಸು ಹಿಡಿದು ಕಚೇರಿಗೆ ಹೋದಳು. ಹಿತೇಶ ಬಂದರಿಗೆ ಓಡಿದ. ಅಲ್ಲಿ ಮೀನಿನ ಬೋಟುಗಳಿಗೆ ಬೇಕಾದ ಎಲೆಕ್ಟ್ರಿಕ್ ಸಾಮಾನುಗಳ ಅಂಗಡಿ ಇಟ್ಟಿರುವ ಜಾಬಿರ್ ಅವನ ಶಾಲಾ ಗೆಳೆಯ, ಬೈಕಿನ ವಿಷಯದಲ್ಲಿ ಮಹಾಪಂಡಿತ.

"ಈಗಿನ ಬೈಕಿನಲ್ಲಿ ಒಂದು ಕಂಪ್ಯೂಟರ್ ಉಂಟು ಮಾರಾಯ," ಎಂದು ಜಾಬಿರ್ ಪಾಠ ಶುರು ಮಾಡಿದ. "ಅದು ಬಲ್ಬುಗಳ ಹತ್ರ 'ಉಂಟಾ? ಉಂಟಾ?' ಅಂತ ಕೇಳ್ತಾ ಇರ್ತದೆ. ಹಳೇ ಬಲ್ಬು 'ಉಂಟು' ಅಂತ ಗಟ್ಟಿಯಾಗಿ ಹೇಳ್ತದೆ. ಈ ಎಲ್‌ಇಡಿ ಕರೆಂಟ್ ತಿನ್ನುವುದೇ ಚೂರು, ಅದರ ಸ್ವರ ಕೇಳುವುದಿಲ್ಲ. ಆಗ ಕಂಪ್ಯೂಟರ್ ಬಲ್ಬೇ ಇಲ್ಲ ಅಂತ ಗಲಾಟೆ ಮಾಡ್ತದೆ."

"ಎಂತ ಮಾಡುವುದು?"

"ಈ ರೆಸಿಸ್ಟರ್ ಪಕ್ಕದಲ್ಲಿ ಕಟ್ಟು. ಬಲ್ಬಿನ ಪರವಾಗಿ ಇದು 'ಉಂಟು ಉಂಟು' ಅಂತದೆ."

"ಕ್ಲಾಸಿನಲ್ಲಿ ಪ್ರಾಕ್ಸಿ ಹಾಜರಿ ಕೂಗಿದ ಹಾಗೆ!"

"ನಿನ್ಗೆ ಬೇಗ ಅರ್ಥ ಆಗ್ತದೆ. ಅನುಭವ ಉಂಟಲ್ಲ."

ಮನೆಗೆ ಬಂದು ಒಂಬತ್ತಕ್ಕೆ ಕೂತ ಹಿತೇಶ ಹನ್ನೊಂದಕ್ಕೆ ಎದ್ದ. ಏನು ಕೆಲಸ, ಏನು ನಾಜೂಕು! ಪ್ರತಿ ವೈರಿನ ಮೇಲೂ ಪ್ಲಾಸ್ಟಿಕ್ ಕೊಳವೆ ತೊಡಿಸಿದ್ದ, ಪ್ರತಿ ಜೋಡಣೆಯನ್ನೂ ಬೆಸುಗೆ ಹಾಕಿ ಮುಚ್ಚಿದ್ದ. ಕೀ ತಿರುಗಿಸಿದ. ಇಂಡಿಕೇಟರು ಸಾವಧಾನವಾಗಿ ಟಕ್ ಟಕ್ ಎಂದಿತು. ಚಾರ್ಜರಿನಲ್ಲಿ ಮೊಬೈಲು ಜೀವ ಪಡೆಯಿತು. ಫಾಗ್ ಲ್ಯಾಂಪು ಉರಿದಾಗ ಅಂಗಳದಲ್ಲಿ ಮೆಣಸು ಒಣಗಿಸುತ್ತಿದ್ದ ಅವನ ತಾಯಿ ದೇಯಿ ಹಟ್ಟಹಗಲಲ್ಲೂ ಕಣ್ಣಿಗೆ ಕೈ ಅಡ್ಡ ಹಿಡಿದರು. ಹಿತೇಶ ಸ್ಪ್ಯಾನರು ಮೇಲೆತ್ತಿ ಒಂದು ಸುತ್ತು ಕುಣಿದ. ಮೂಲ್ಕಿಯ ಅಂಗಳ, ಭಾವನ ಪೆಚ್ಚು ಮೋರೆ, ಎಲ್ಲ ಕಣ್ಣ ಮುಂದೆ ಬಂತು.

ಕುಣಿತ ಮುಗಿಸಿ ಮೀಟರಿನತ್ತ ನೋಡಿದ. ಎಡ ಮೂಲೆಯಲ್ಲಿ ಹಳದಿ ಬಣ್ಣದ ಒಂದು ಪುಟ್ಟ ದೀಪ. ಒಳಗೆ ಮೂರು ಅಕ್ಷರ. ಎಬಿಎಸ್.

ಬ್ರೇಕಿನ ಲೈಟು! ಹಿತೇಶನ ಕೈಯಿಂದ ಸ್ಪ್ಯಾನರು ಜಾರಿ ಹೆಬ್ಬೆರಳಿನ ಮೇಲೆ ಬಿತ್ತು. ಕೀ ತೆಗೆದ, ಹಾಕಿದ. ಉರಿಯಿತು. ಊದಿದ. ಉರಿಯಿತು. ಮೆಲ್ಲಗೆ ತಟ್ಟಿದ, ಮತ್ತೆ ಜೋರಾಗಿ ತಟ್ಟಿದ. ಅದು ಅವನನ್ನೇ ನೋಡುತ್ತಾ ಉರಿಯಿತು.

ಚಾರ್ಜರಿನದ್ದೇ ಕಿತಾಪತಿ ಇರಬೇಕೆಂದು ಅದನ್ನು ಬಿಚ್ಚಿದ. ಲೈಟು ಹೋಗಲಿಲ್ಲ. ಫಾಗ್ ಲ್ಯಾಂಪು ಬಿಚ್ಚಿದ. ಅದನ್ನು ಬಿಚ್ಚಲು ಮುಂದಿನ ಕವಚ, ಕವಚ ಬಿಚ್ಚಲು ಸೀಟು, ಸೀಟು ಬಿಚ್ಚಲು ಯಾವ ಸ್ಕ್ರೂ ಎಂದು ಹುಡುಕಲು ಇನ್ನೂ ಆರು ಸ್ಕ್ರೂ! ಒಂದು ಗಂಟೆಯ ಹೊತ್ತಿಗೆ ಅಂಗಳದಲ್ಲಿ ಹಾಸಿದ ಪೇಪರಿನ ಮೇಲೆ ಅರ್ಧ ಬೈಕು ಮಲಗಿತ್ತು. ಆಗ ಮೋಕ್ಷಾಳ ಫೋನು ಬಂತು.

"ಎಂತಾಯ್ತು?"

"ಎಲ್ಲ ಫಸ್ಟ್ ಕ್ಲಾಸ್!"

"ಲೈಟ್ ಏನಾದ್ರೂ ಉರೀತಾ ಉಂಟಾ?"

"ಲೈಟಾ? ಯಾವ ಲೈಟು? ಇಲ್ಲಿ ಕರೆಂಟೇ ಇಲ್ಲ!"

"ಬೈಕಿಗೂ ಮನೆ ಕರೆಂಟಾ?"

"ಸರಿ ಕೇಳ್ತಾ ಇಲ್ಲ, ಇಡ್ತೇನೆ!"

ಇನ್ನು ಉಳಿದದ್ದು ಇಂಡಿಕೇಟರು. ಅದನ್ನೂ ಬಿಚ್ಚಿದ, ಪ್ರಾಕ್ಸಿ ಕೂಗುವ ರೆಸಿಸ್ಟರನ್ನೂ ಕಿತ್ತ, ಹಳೆಯ ಬಲ್ಬನ್ನೇ ಮರಳಿ ಹಾಕಿದ. ಈಗ ಬೈಕಿನಲ್ಲಿ ಹೊಸದೆಂಬುದು ಒಂದು ಎಳೆ ವೈರೂ ಇಲ್ಲ. ಕೀ ತಿರುಗಿಸಿದ. ಹಳದಿ ದೀಪ ಬೆಳಗಿತು!

ಊಟಕ್ಕೆ ಕರೆಯಲು ಬಂದ ದೇಯಿಯಮ್ಮ ಮೀಟರಿನೊಳಗೆ ಇಣುಕಿದರು. "ಎಷ್ಟು ಪೊರ್ಲು, ಎಷ್ಟು ಚಂದ ಉಂಟು! ಉರಿಯಲಿ ಬಿಡು ಮಗ, ಅದು ನಿನ್ಗೆ ಎಂತ ಮಾಡ್ತದೆ? ದೀಪ ಉರಿಸಿಯೇ ಅಲ್ವಾ ನಾವು ಇಷ್ಟು ವರ್ಷ ಉಂಡದ್ದು?"

"ಅಮ್ಮ, ಇದು ಆ ದೀಪ ಅಲ್ಲ! ಇದು ಕೆಟ್ಟ ದೀಪ!"

"ದೀಪದಲ್ಲಿ ಎಂತ ಕೆಟ್ಟದ್ದು? ಹುಚ್ಚು ಮಾತು," ಎಂದು ಗೊಣಗುತ್ತಾ ಅವರು ಗಂಜಿ ಬಡಿಸಲು ಹೋದರು.

ಹಿತೇಶ ಗಂಜಿಯನ್ನು ನುಂಗಿದನೋ ಉಗುಳಿದನೋ, ಅವನಿಗೇ ನೆನಪಿಲ್ಲ. ಜಾಬಿರ್‌ಗೆ ಫೋನು ಹಚ್ಚಿದ. ಜಾಬಿರ್ ಆಗ ಬೋಟು ನಿಲ್ಲುವ ದಕ್ಕೆಯಲ್ಲಿ ಯಾವುದೋ ಬೋಟಿನ ಹೊಟ್ಟೆಯೊಳಗೆ ಕೂತು ವೈರು ಎಳೆಯುತ್ತಿದ್ದ. ತಲೆಯ ಪಕ್ಕದಲ್ಲೇ ಇಂಜಿನು ಡಬಡಬ ಎನ್ನುತ್ತಿತ್ತು.

"ಜಾಬಿರ್! ಎಬಿಎಸ್ ಲೈಟ್ ಬಂದಿದೆ! ಎಂತ ಮಾಡುವುದು?"

"ಎಂತ? ಎಬಿಎಸ್ಸಾ? ಏಯ್, ಓಡಿಸಿದ್ರೆ ಹೋಗ್ತದೆ ಮಾರಾಯ!"

"ಎಂತ?"

"ಓಡಿಸಿದ್ರೆ... ಹೋಗ್ತದೆ!" ಡಬಡಬಡಬ. ಫೋನು ಕಟ್ಟಾಯಿತು.

ಹಿತೇಶ ಹೌಹಾರಿದ. ಲೈಟಿಂಗ್ಸ್ ಕೆಲಸದವನ ನಿಘಂಟಿನಲ್ಲಿ 'ಹೋಗುವುದು' ಎಂಬುದಕ್ಕೆ ಒಂದೇ ಅರ್ಥ. ಫ್ಯೂಸು ಹೋಗುತ್ತದೆ, ಮೋಟಾರು ಹೋಗುತ್ತದೆ, ಮದುವೆಯ ಮುಹೂರ್ತಕ್ಕೆ ಸರಿಯಾಗಿ ಜನರೇಟರು ಹೋಗುತ್ತದೆ. ಹೋದದ್ದು ತಿರುಗಿ ಬರುವುದಿಲ್ಲ. ಅಂದರೆ ಓಡಿಸಿದರೆ ಬೈಕೇ ಹೋಗುತ್ತದೆ! ಹೆಂಡತಿಯ ಮೂರು ವರ್ಷದ ಉಳಿತಾಯ ಹೋಗುತ್ತದೆ! ಅವನು ಓಡಿಹೋಗಿ ಹಿತ್ತಲಿನಿಂದ ನಾಲ್ಕು ಕೆಂಪುಕಲ್ಲು ಹೊತ್ತು ತಂದು ಎರಡು ಚಕ್ರಗಳಿಗೂ ಹಿಂದೆ ಮುಂದೆ ಒತ್ತಿಟ್ಟ. ಬೈಕು ಒಂದು ಅಂಗುಲವೂ ಅಲುಗದು ಎಂದು ಖಾತ್ರಿಯಾದ ಮೇಲೆಯೇ ಅವನ ಉಸಿರು ನೆಟ್ಟಗಾಯಿತು.

ಸೋಮವಾರ ಗುಟ್ಟಾಗಿ ಯಾರಿಗಾದರೂ ತೋರಿಸಿ ಸರಿ ಮಾಡಿಸಬಹುದು. ಆದರೆ ಇವತ್ತು? ಮೋಕ್ಷಾ ಐದೂವರೆಗೆ ಬರುತ್ತಾಳೆ. ಬಿಚ್ಚಿದ್ದನ್ನೆಲ್ಲ ಹುಚ್ಚು ಹಿಡಿದವನ ಹಾಗೆ ಮರಳಿ ಕೂರಿಸತೊಡಗಿದ. ಇಂಡಿಕೇಟರು, ರೆಸಿಸ್ಟರು, ಲ್ಯಾಂಪು, ಚಾರ್ಜರು, ಕವಚ, ಸೀಟು. ಕೊನೆಗೆ ಉಳಿದದ್ದು ಹಳದಿ ದೀಪ. ಚಪ್ಪರದಲ್ಲಿ ಕೈಕೊಟ್ಟ ಜಾಗಕ್ಕೆ ಬಣ್ಣದ ಬಟ್ಟೆ ಎಳೆದು ಮುಚ್ಚುವುದು ಅವನ ಉದ್ಯೋಗದ ಹಳೆಯ ವಿದ್ಯೆ. ಕಪ್ಪು ಟೇಪಿನಿಂದ ಬೇಳೆಕಾಳಿನಷ್ಟು ತುಂಡನ್ನು ಉಗುರುಕತ್ತರಿಯಲ್ಲಿ ದುಂಡಗೆ ಕತ್ತರಿಸಿ, ಉಸಿರು ಬಿಗಿಹಿಡಿದು ದೀಪದ ಮೇಲೆ ಅಂಟಿಸಿದ. ಕಪ್ಪು ಮೀಟರಿನ ಮೇಲೆ ಕಪ್ಪು ಟೇಪು. ಅಂಟಿಸಿದವನಿಗೇ ಕಾಣಿಸಲಿಲ್ಲ!

ಐದೂವರೆಗೆ ಮೋಕ್ಷಾ ಬಂದಳು. ಚೀಲ ಇಡದೆ ನೇರ ಬೈಕಿನ ಬಳಿಗೇ ಬಂದಳು. ಇಂಡಿಕೇಟರು ನೋಡಿದಳು, ಬಗ್ಗಿ ವೈರಿನ ಕೆಲಸ ನೋಡಿದಳು.

"ಅಬ್ಬ! ಇಷ್ಟು ಚಂದ ಮಾಡ್ತೀರಿ ಅಂತ ನಾನು ಎಣಿಸಿರ್ಲಿಲ್ಲ."

ಹಿತೇಶನ ಎದೆ ಉಬ್ಬಿತು. ಅದು ನಿಜವಾದ ಮೆಚ್ಚುಗೆಯಾಗಿತ್ತು, ಅವನಿಗೆ ಖುಷಿಯೂ ಆಯಿತು, ಟೇಪಿನ ನೆನಪೂ ಆಯಿತು. ಮೋಕ್ಷಾ ಕೀ ತಿರುಗಿಸಿದಳು. ಮೀಟರು ನೋಡಿದಳು. ಅವಳ ನಗು ನಿಂತಿತು.

"ಎಬಿಎಸ್ ಲೈಟ್ ಎಲ್ಲಿ?"

"ಇಲ್ಲ!" ಎಂದು ಹಿತೇಶ ಗರ್ಜಿಸಿದ. "ಅದೂ ಇಲ್ಲ, ಯಾವುದೂ ಇಲ್ಲ! ಗೆದ್ದೆ! ಕೊಡು ಕೀ!"

"ಇಲ್ಲ ಅಂದ್ರೆ ಎಂತ? ಕೀ ಹಾಕಿದ ಕೂಡ್ಲೇ ಅದು ಉರೀಬೇಕು!"

"ಉ... ಉರೀಬೇಕಾ?"

"ಏಳು ತಿಂಗಳು ದಿನಾ ಉರಿದಿದೆ. ಉರಿಯದಿದ್ರೆ ಬ್ರೇಕಿನ ಕಂಪ್ಯೂಟರ್ ಸತ್ತಿದೆ ಅಂತ ಅರ್ಥ. ಇಂಥ ಎಷ್ಟು ಗಾಡಿ ನೋಡಿದ್ದೇನೆ ನಾನು..." ಅವಳು ಮೆಟ್ಟಿಲ ಮೇಲೆ ಕುಸಿದು ಕೂತಳು. "ಬಿಡಿ. ನಿಮ್ಮ ತಪ್ಪಲ್ಲ, ಹಾಕಿಸುವ ಆಸೆ ನನ್ನದೇ."

ಬೈದಿದ್ದರೆ ಹಿತೇಶ ಎದುರು ಮಾತಾಡುತ್ತಿದ್ದ. ಅವಳು ಬೈಯಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡು ಬೈಕನ್ನೇ ನೋಡುತ್ತಾ ಕೂತಳು. ಅದನ್ನು ನೋಡುವುದು ಅವನಿಂದ ಆಗಲಿಲ್ಲ. ಮೂಲ್ಕಿಯೂ ಬೇಡ, ಭಾವನೂ ಬೇಡ, ಮಾನ ಹಾಳಾಗಿ ಹೋಗಲಿ! ಅವನು ಮೀಟರಿಗೆ ಬಗ್ಗಿ ಉಗುರಿನಿಂದ ಟೇಪು ಕೆರೆದು ತೆಗೆದ. ಹಳದಿ ದೀಪ ಪಳಕ್ಕನೆ ಹೊಳೆಯಿತು.

ಮೋಕ್ಷಾ ಎದ್ದು ಬಂದು ಅವನ ಬೆರಳ ತುದಿಗೆ ಅಂಟಿದ್ದ ಕಪ್ಪು ಚುಕ್ಕೆಯನ್ನು ನೋಡಿದಳು. "ಇದೆಂತ?"

"ಟೇಪು."

ಅವಳು ಕಲ್ಲುಗಳನ್ನು ಕಾಲಿನಿಂದ ದೂಡಿ ಬೈಕು ಹತ್ತಿದಳು.

"ಓಡಿಸ್ಬೇಡ!" ಹಿತೇಶ ಕಿರುಚಿದ. "ಜಾಬಿರ್ ಹೇಳಿದ್ದಾನೆ! ಓಡಿಸಿದ್ರೆ ಹೋಗ್ತದೆ!"

"ಹೌದು, ಹೋಗ್ತದೆ!" ಎಂದು ಅವಳು ಗೇಟು ದಾಟಿದಳು. ಅವನು ಕೂಗುತ್ತಾ ಜೊತೆಗೇ ಓಡಿದ. ಅಕ್ಕಪಕ್ಕದವರು ಬಾಗಿಲಿಗೆ ಬಂದರು. ಎರಡನೆಯ ಮನೆಯ ಗೇಟಿನ ಎದುರು ಮೋಕ್ಷಾ ನಿಲ್ಲಿಸಿ ಮೀಟರು ತೋರಿಸಿದಳು. "ಹೋಯ್ತು ನೋಡಿ."

"ಎಂತ ಹೋಯ್ತು?" ಅವನ ದನಿಯಲ್ಲಿ ಅಳುವೇ ಇತ್ತು.

"ಲೈಟ್!"

ಹಳದಿ ದೀಪ ಆರಿತ್ತು. ಚಕ್ರ ಉರುಳಿ ಬ್ರೇಕೆಲ್ಲ ಸರಿ ಇದೆ ಎಂದು ಕಂಪ್ಯೂಟರಿಗೆ ನಂಬಿಕೆಯಾದರೆ ಅದು ತಾನಾಗಿ ಆರುವುದು, ನಿಂತಲ್ಲೇ ಇರುವ ಬೈಕಿನಲ್ಲಿ ಸಂಜೆಯವರೆಗೂ ಉರಿಯುವುದು ಎಂದು ಅವಳು ವಿವರಿಸಿದಳು. ಆಮೇಲೆ ಕಚೇರಿಯ ದನಿಯಲ್ಲಿ ವಿಚಾರಣೆ ಶುರುವಾಯಿತು.

"ಈ ಲೈಟನ್ನು ಮೊದ್ಲು ನೋಡಿದ್ದು ಎಷ್ಟು ಗಂಟೆಗೆ?"

"ಹನ್ನೊಂದಕ್ಕೆ."

"ಆಗ ಉಳಿದದ್ದೆಲ್ಲ ಸರಿ ಇತ್ತಾ?"

"ಪರ್ಫೆಕ್ಟ್."

"ಅಂದ್ರೆ ಹನ್ನೊಂದು ಗಂಟೆಗೇ ನೀವು ಬೆಟ್ ಗೆದ್ದಿದ್ರಿ."

ಹಿತೇಶನ ಮುಖ ಅರಳಿತು. ಗ್ರೀಸು ಮೆತ್ತಿದ ಅಂಗೈಯನ್ನು ಮುಂದೆ ಚಾಚಿದ. "ಹಾಗಾದ್ರೆ ಕೀ?"

ಮೋಕ್ಷಾ ಹಿಂದಿನ ಸೀಟನ್ನು ತಟ್ಟಿದಳು. "ನಾಳೆ ನಿಮ್ಮ ಜಾಗ ಇಲ್ಲಿ. ಗಟ್ಟಿ ಹಿಡ್ಕೊಳ್ಳಿ."

"ಗೆದ್ರೂ ಹಿಂದೆಯಾ?"

"ಒಂಬತ್ತು ವರ್ಷ ಕ್ಲೇಮು ನೋಡಿದವಳು ನಾನು. ಗೆಲ್ಲಲಿಕ್ಕೆ ಮೋಸ ಮಾಡುವವರು ದಿನಕ್ಕೆ ಹತ್ತು ಜನ ಬರ್ತಾರೆ. ಗೆದ್ದ ಮೇಲೆ ಆರು ಗಂಟೆ ಬೆವರು ಸುರಿಸಿ ಮೋಸ ಮಾಡಿದವರು ನೀವೊಬ್ರೇ ಮಾರಾಯ್ರೆ!"